ಅಪ್ಪನ ಚಿವುಟು

ಮಾರ್ಚ್ 3, ಭಾನುವಾರ

ಬಸ್ಸಿಗೆ ರಜೆ, ಲೇತಿಗೆ ಕೆಲಸ. ಮರ ತಿರುಗಿಸುವ ಆ ಯಂತ್ರದಲ್ಲಿ ವಾಚನಾಲಯದ ಕುರ್ಚಿಗಳಿಗೆ ಕಾಲು ಕಡೆಯುತ್ತಿದ್ದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಹೋಗಿದ್ದಲ್ಲ, ನನ್ನ ಹೆಂಡತಿ ಕಿತ್ತದ್ದು. ಅಡುಗೆಮನೆ ಕಿಟಕಿಯಿಂದ ಹಿತ್ತಿಲ ಶೆಡ್ಡಿಗೆ ಬರುವ ವೈರ್ ತೆಗೆದು ಇಸ್ತ್ರಿ ಪೆಟ್ಟಿಗೆ ಚುಚ್ಚಿಕೊಂಡಿದ್ದಾಳೆ.

"ನಿಮ್ಮ ಯೂನಿಫಾರ್ಮೇ ಕಣ್ರೀ. ನಾಳೆ ಮುದುರಿದ ಅಂಗೀಲಿ ಬಸ್ ಓಡಿಸ್ತೀರಾ?"

ಆ ವೈರ್‌ನಿಂದಾಗಿ ಕಿಟಕಿ ಮುಚ್ಚಲಾಗದು, ಬೆಕ್ಕು ಬರುತ್ತದೆ, ಹಾಲು ಹೋಗುತ್ತದೆ, ಬೈಗುಳ ನನಗೆ. ತಂಗಿಯನ್ನು ಕರೆಸುತ್ತಾಳಂತೆ. ನಾದಿನಿ ವೈರಿಂಗ್ ಕಂಟ್ರಾಕ್ಟರ್. ಬಾಯಿಯೂ ಹೈ ವೋಲ್ಟೇಜೇ.

ಸಂಜೆ ಮಗಳೂ ಲೇತಿಗೆ ಬಂದಳು. ಕಾಲೇಜು ಮುಗಿಯಿತು, ಈ ಕೆಲಸವನ್ನೇ ಕಲಿಯುತ್ತಾಳಂತೆ. ಯಂತ್ರದ ಮೈ ಮುಟ್ಟಿ, "ಅಯ್ಯೋ, ತಾತ ಚಿವುಟಿದ್ರು!" ಎಂದು ನಕ್ಕಳು. ಅಪ್ಪನ ಕಾಲದ ಲೇತ್. ಮುಟ್ಟಿದರೆ ಬೆರಳು ಸಣ್ಣಗೆ ಜುಮ್ಮೆನ್ನುತ್ತದೆ. ನಾನು ಕೆಲಸ ಕೆಡಿಸಿದಾಗ ಅಪ್ಪ ತೋಳು ಚಿವುಟುತ್ತಿದ್ದ. ಅಪ್ಪ ಹೋದ ಮೇಲೆ ಈ ಜುಮ್ಮಿಗೂ ಅದೇ ಹೆಸರು ಬಿತ್ತು. ನನಗಂತೂ ಅದು ಬೇಕು. ದಿನಕ್ಕೊಮ್ಮೆ ಅಪ್ಪ ಮಾತಾಡಿಸಿದ ಹಾಗೆ.

ಮಾರ್ಚ್ 10, ಭಾನುವಾರ

ನಾದಿನಿ ಬಂದಳು. ಕಿಟಕಿ ನೋಡಿದಳು, ವೈರ್ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಭಾವ, ಬಸ್ಸಿನ ಬ್ರೇಕನ್ನೂ ದಾರದಲ್ಲೇ ಕಟ್ಟಿಕೊಂಡಿದೀರಾ?"

"ಒಂದು ಲೇತು, ಒಂದು ಬಲ್ಬು. ಅದಕ್ಕೆ ಇಷ್ಟೆಲ್ಲ ಯಾಕೆ?"

"ಯಾಕೆ ಅಂದ್ರೆ ನಮ್ಮ ಅಕ್ಕ ಮುತ್ತೈದೆಯಾಗಿ ಇರಲಿ ಅಂತ."

ಇವಳು ಒಳಗಿನಿಂದಲೇ ನಕ್ಕಳು. ಅಕ್ಕತಂಗಿ ಸೇರಿದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಶೆಡ್ಡಿಗೆ ಹೊಸ ಕೇಬಲ್ ಹೂಳಲು ಹಿತ್ತಿಲಿಗೆ ಅಡ್ಡಲಾಗಿ ಕಾಲುವೆ ತೋಡಬೇಕು. ತೋಡುವವನು ನಾನೇ. ಮೊಣಕಾಲು ಮುಳುಗುವಷ್ಟು ಆಳ ಬೇಕೆಂದು ಗುದ್ದಲಿ ಕೊಟ್ಟಳು. ಸೊಂಟ ಬಿದ್ದುಹೋಯಿತು.

ಮಾರ್ಚ್ 16, ಶನಿವಾರ

ಮುಗಿಯಿತು. ಮೀಟರ್ ಪಕ್ಕದ ಬೋರ್ಡಿನಿಂದಲೇ ಬೇರೆ ಲೈನು. ಉಕ್ಕಿನ ಕವಚದ ಕೇಬಲ್, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ, ಹಳದಿ ಪಟ್ಟಿ. ನಾಳೆ ಯಾರಾದರೂ ಗಿಡ ನೆಡಲು ಅಗೆದರೆ ಮೊದಲು ಪಟ್ಟಿ ಸಿಗಲಿ ಎಂದು. ಶೆಡ್ಡಿನ ಪಕ್ಕ ನೆಲಕ್ಕೆ ಕಂಬಿ ಹೊಡೆದು ಅರ್ಥಿಂಗ್, ಸೋರಿದ ಕರೆಂಟ್ ಮಣ್ಣಿಗಿಳಿಯಲಿ ಎಂದು. ಲೇತಿನ ಎರಡು ಪಿನ್ನಿನ ಪ್ಲಗ್ ಕತ್ತರಿಸಿ ಮೂರು ಪಿನ್ನಿನದು, ಯಂತ್ರದ ಮೈಗೂ ಒಂದು ಹಸಿರು ವೈರ್. ಗೋಡೆಗೆ ಬಿಳಿ ಪೆಟ್ಟಿಗೆ. ಕರೆಂಟ್ ದಾರಿ ತಪ್ಪಿ ಸೋರಿದರೆ ಅದರೊಳಗಿನ ಸ್ವಿಚ್ ತಾನೇ ಬೀಳುತ್ತದಂತೆ. ಗುಂಡಿ ಒತ್ತಿ ಬೀಳಿಸಿ ತೋರಿಸಿದಳು. ಲೇತ್ ಓಡಿಸಿ ನೋಡುವ ಮೊದಲೇ ಬೇರೆ ಸೈಟಿನಿಂದ ಫೋನ್ ಬಂತು, ಹೊರಟಳು.

ಶೆಡ್ಡಿನ ನೆಲಕ್ಕೂ ಸಿಮೆಂಟ್ ಹಾಕಿಸಿದ್ದಾಯಿತು. ಅಪ್ಪ ನಿಂತು ಕೆಲಸ ಮಾಡುತ್ತಿದ್ದ ಮರದ ಹಲಗೆ ಇನ್ನೇಕೆ ಎಂದು ತೆಗೆದೆ. ಇವಳು ಕಿಟಕಿ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಹಬ್ಬದ ಮುಖ.

ಮಾರ್ಚ್ 17, ಭಾನುವಾರ. ಮಧ್ಯಾಹ್ನ

ದರಿದ್ರ ಸ್ವಿಚ್! ಲೇತ್ ಹಾಕಿದೊಡನೆ ಟಪ್. ಮತ್ತೆ ಎತ್ತಿದೆ — ಟಪ್. ಇಷ್ಟು ಕಾಲ ಓಡಿದ ಯಂತ್ರ ಇವಳ ತಂಗಿ ಮುಟ್ಟಿದ ಮೇಲೆ ಮುಷ್ಕರ ಹೂಡಿದೆ. ಕುರ್ಚಿ ಕಾಲು ನಾಳೆ ಕೊಡಬೇಕು. ಹಳೆಯ ಪ್ಲಗ್ ಹಾಕಿ ಹಳೆಯ ವೈರಿನಲ್ಲೇ ಓಡಿಸೋಣವೆಂದು ಹೋದರೆ ವೈರೇ ಇಲ್ಲ.

"ಅದಾ? ಕತ್ತರಿಸಿ ಬಟ್ಟೆ ಒಣಗೋ ಹಗ್ಗ ಮಾಡಿದೆ."

ಬಾಯಿಗೆ ಬಂದಂತೆ ಕೂಗಾಡಿದೆ. ಇವಳು ತಂಗಿಗೆ ಫೋನ್ ಮಾಡಿದಳು.

ಅದೇ ದಿನ, ಸಂಜೆ

ಇದನ್ನು ಬರೆದಿಡಲೇಬೇಕು.

ನಾದಿನಿ ಬಂದಾಗ ಮಗಳು ಒದ್ದೆ ಬಟ್ಟೆಯಿಂದ ಲೇತ್ ಒರೆಸುತ್ತಿದ್ದಳು. ಬರಿಗಾಲು. ಹೊಸ ಸಿಮೆಂಟ್ ಇನ್ನೂ ತೇವ. ನಾದಿನಿ ಚೀಲದಿಂದ ಕರೆಂಟ್ ಪರೀಕ್ಷಿಸುವ ಮೀಟರ್ ತೆಗೆದು ಮೋಟಾರಿಗೆ ಹಿಡಿದಳು. ಅಂಕಿ ನೋಡಿ ಮತ್ತೊಮ್ಮೆ ಹಿಡಿದಳು.

"ಭಾವ, ಇದನ್ನ ಮುಟ್ಟಿದ್ರೆ ಜುಮ್ ಅಂತಿತ್ತಾ?"

"ಅದು ಅಪ್ಪ ಚಿವುಟೋದು," ಎಂದೆ. ನಗುತ್ತಲೇ ಅಂದೆ.

ಅವಳು ನಗಲಿಲ್ಲ. "ಮೋಟಾರ್ ಒಳಗೆ ಸುತ್ತಿದ ತಂತಿ ಹಾಳಾಗಿದೆ. ಕರೆಂಟ್ ಯಂತ್ರದ ಮೈಗೆ ಬರ್ತಿತ್ತು. ಹಲಗೆ, ನಿಮ್ಮ ರಬ್ಬರ್ ಚಪ್ಪಲಿ, ಇವೆರಡೇ ನಿಮ್ಮನ್ನ ಉಳಿಸಿದ್ದು. ಇವತ್ತು ಆ ಸ್ವಿಚ್ ಬೀಳದೆ ಇದ್ದಿದ್ರೆ, ಇವಳು ಹೀಗೆ ಬರಿಗಾಲಲ್ಲಿ..."

ಮಗಳನ್ನು ತಬ್ಬಿಕೊಂಡಳು.

ನಾನು ಹೊರಗೆ ಬಂದೆ. ಹಿತ್ತಿಲಲ್ಲಿ ಆ ವೈರಿನ ಮೇಲೆ ನನ್ನ ಯೂನಿಫಾರ್ಮ್ ಒಣಗುತ್ತಿತ್ತು. ಇವಳು ಅದನ್ನು ಕತ್ತರಿಸದೆ ಇದ್ದಿದ್ದರೆ ನಾನು ಖಂಡಿತ ಓಡಿಸುತ್ತಿದ್ದೆ. ನನ್ನ ಕೈಯಾರೆ. ಆಮೇಲೆ ಮಗಳು ಮುಟ್ಟುತ್ತಿದ್ದಳು.

ಇವಳು ಅಂಗಿ ತೆಗೆಯಲು ಬಂದಳು. "ನೀನು ಕತ್ತರಿಸಿದ್ದು ಒಳ್ಳೇದಾಯ್ತು ಕಣೇ," ಎಂದೆ.

"ಗೊತ್ತು. ಕ್ಲಿಪ್ ಹಿಡ್ಕೊಳ್ಳಿ," ಎಂದಳು.

ಮಾರ್ಚ್ 29, ಶುಕ್ರವಾರ

ಮೋಟಾರ್ ರೀವೈಂಡಿಂಗಿಗೆ, ಒಳಗೆ ಹೊಸ ತಂತಿ ಸುತ್ತಿಸಲು, ಹೋಗಿದೆ. ವಾಚನಾಲಯದವರು, "ನಿಧಾನವಾಗಿ ಕೊಡಿ, ನಿಂತೇ ಓದ್ತೀವಿ," ಎಂದರು. ದೊಡ್ಡ ಮನಸ್ಸು. ನಾದಿನಿಗೆ ಥ್ಯಾಂಕ್ಸ್ ಹೇಳಿದೆ. "ಭಾವನ ಬಾಯಲ್ಲಿ ಥ್ಯಾಂಕ್ಸಾ? ಜ್ವರ ನೋಡು ಅಕ್ಕಾ," ಎಂದಳು. ತಿಂಗಳಿಗೊಮ್ಮೆ ಪೆಟ್ಟಿಗೆಯ ಗುಂಡಿ ಒತ್ತಿ ಪರೀಕ್ಷೆ ಮಾಡಬೇಕೆಂದು ಆಣೆ ಹಾಕಿಸಿಕೊಂಡಿದ್ದಾಳೆ.

ಅಪ್ಪನ ಬಗ್ಗೆ ಯೋಚಿಸಿದೆ. ಅವನಿಗೂ ಜುಮ್ಮೆಂದಿರಬೇಕು. ಅದಕ್ಕೇ ಹಲಗೆ ಹಾಕಿದ್ದ. ತನಗೆ ತಿಳಿದಷ್ಟು ಕಾಪಾಡಿಕೊಂಡ, ನನ್ನನ್ನೂ ಕಾಪಾಡಿದ. ಹಲಗೆಯನ್ನು ಮತ್ತೆ ತಂದು ಹಾಕಿದೆ.

ಏಪ್ರಿಲ್ 7, ಭಾನುವಾರ. ಬೆಳಿಗ್ಗೆ

ಮೋಟಾರ್ ಬಂತು. ನಾದಿನಿ ಮೀಟರ್ ಹಿಡಿದು, "ಈಗ ಸರಿ," ಎಂದಳು. ಲೇತ್ ಹಾಕಿದೆ. ಸ್ವಿಚ್ ಬೀಳಲಿಲ್ಲ. ಮೈ ಮುಟ್ಟಿದೆ. ಏನೂ ಇಲ್ಲ, ಬರೀ ತಣ್ಣನೆಯ ಕಬ್ಬಿಣ. ಅಪ್ಪ ಇನ್ನು ಮಾತಾಡಿಸುವುದಿಲ್ಲ. ಹೋಗಲಿ ಬಿಡು. ಮೊಮ್ಮಗಳಿಗೋಸ್ಕರ ಸುಮ್ಮನಾಗಿದ್ದಾನೆ.

ಶೆಡ್ಡಿನಲ್ಲಿ ಮಗಳು ತನ್ನ ಮೊದಲ ಕುರ್ಚಿ ಕಾಲು ಕಡೆಯುತ್ತಿದ್ದಾಳೆ, ನಾದಿನಿ ಕಾವಲು. ಇಲ್ಲಿ ಅಡುಗೆಮನೆಯ ಕಿಟಕಿ ಮುಚ್ಚಿದೆ, ಹಾಲು ಉಳಿದಿದೆ. ಮುಚ್ಚಿದ ಕಿಟಕಿಯಿಂದಲೂ ಲೇತಿನ ಸದ್ದು ಕೇಳಿ—

ನಿಂತಿತು. ಸದ್ದು ನಿಂತಿತು.

ಇಲ್ಲ... ನಗುತ್ತಿದ್ದಾಳೆ. "ಅಪ್ಪಾ, ಬಾ, ಮುಗೀತು!" ಕುರ್ಚಿಯ ಕಾಲನ್ನು ಎತ್ತಿ ಹಿಡಿದು ಹಿತ್ತಿಲ ತುಂಬ ಓಡಿ ಬರುತ್ತಿದ್ದಾಳೆ, ಕೇಬಲ್ ಹೂತ ಮಣ್ಣಿನ ಮೇಲೆಯೇ, ಬರಿಗಾಲಲ್ಲಿ, ಅವಳ ಹಿಂದೆ ಚಪ್ಪಲಿ ಹಿಡಿದು ನಾದಿನಿ. ಪೆನ್ನು ಇಟ್ಟೆ.