ಸಾಹೇಬರ ಮನೆಯ ರಿಕ್ಸಿಯಾ

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹೊಸ ಆಫೀಸಿನ ಕುರ್ಚಿ ಸರಿಯಿಲ್ಲ ಎಂದಿದ್ದಿರಿ, ಬೆನ್ನಿಗೊಂದು ದಿಂಬು ಹೊಲಿದು ಇದರ ಜೊತೆಗೇ ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಫೋನು ಬಿಟ್ಟು ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ಏನೋ ಹೇಳಿ ನಗಿಸಿಬಿಡುತ್ತೀರಿ, ಕೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ನಿಮ್ಮನ್ನು ವರ್ಗ ಮಾಡಿ ಅಷ್ಟು ದೂರ ಎತ್ತಿ ಹಾಕಿದ ಸಾಹೇಬರ ಮನೆಯ ಹೊಸಿಲು ತುಳಿಯಬಾರದು ಎಂದುಕೊಂಡಿದ್ದೆ. ಅವರ ಹೆಂಡತಿ ಪರದೆ ಹೊಲಿಸಬೇಕು, ಅಳತೆಗೆ ಬನ್ನಿ ಎಂದಾಗ ಇಲ್ಲ ಎನ್ನಲಾಗಲಿಲ್ಲ. ಹಾಲ್‌ಗೆ ಕಾಲಿಟ್ಟರೆ ಎದುರಿಗೇ ಮೀನಿನ ತೊಟ್ಟಿ, ತಳದ ತುಂಬ ಹಸಿರು ಹಾಸು. ನಮ್ಮ ತೊಟ್ಟಿಯಲ್ಲಿದ್ದ, ನಾನು ಪಾಚಿ ಎಂದಾಗಲೆಲ್ಲ ನೀವು ಸಿಡಿಮಿಡಿಗೊಳ್ಳುತ್ತಿದ್ದ ಅದೇ ರಿಕ್ಸಿಯಾ ಗಿಡ. ಬೇರೆ ಯಾರದೋ ಇರಬಹುದು ಎಂದುಕೊಂಡೆ. ಆದರೆ ಬೇರಿಲ್ಲದ ಆ ಗಿಡ ತೇಲಿಹೋಗದಂತೆ ಕಲ್ಲಿಗೆ ಬಿಗಿದದ್ದು ನನ್ನ ತುರುಬಿನ ಬಲೆ. ಹರಿದಲ್ಲಿ ನೀಲಿ ದಾರದಲ್ಲಿ ನಾನೇ ಹಾಕಿದ ಹೊಲಿಗೆ. ತಂಗಿಯ ಹೆರಿಗೆಗೆ ನಾನು ಹೋಗಿದ್ದಾಗ ಫೋನ್ ಮಾಡಿ, "ಸೆಕೆಗೆ ಎಲ್ಲಾ ಕೊಳೆತು ಹೋಯ್ತು ಕಣೇ, ಕಲ್ಲು ಸಮೇತ ಎಸೆದ್ಬಿಟ್ಟೆ" ಎಂದಿದ್ದಿರಿ. ಹೋದರೆ ಹೋಗಲಿ, ಮತ್ತೆ ಬೆಳೆಸೋಣ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಿಮ್ಮನ್ನು ಸಮಾಧಾನ ಮಾಡಿದವಳು ನಾನು. ಎಷ್ಟು ಸಲೀಸಾಗಿ ಕಿವಿಗೆ ಹೂವಿಟ್ಟಿರಿ ರೀ.

ಕೇಳಿದ್ದರೆ ನಾನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದೆ. ತೊಟ್ಟಿ ತಂದವರು ನೀವು, ನಿಜ. ಹೊತ್ತಿಗೆ ಸರಿಯಾಗಿ ದೀಪ ಹಾಕಿ ಆರಿಸಿದ್ದು, ಎಳೆ ಎಳೆಯಾಗಿ ಕತ್ತರಿಸಿದ್ದು, ತೇಲುವ ಚೂರುಗಳನ್ನು ಟೀ ಸೋಸುವ ಜಾಲರಿಯಲ್ಲಿ ಎತ್ತಿದ್ದು ಯಾರು? ಅಲ್ಲಿ ಅದಕ್ಕೆ ಕತ್ತರಿ ತೋರಿಸಿದವರೇ ಇಲ್ಲ. ಮೇಲೆ ದಟ್ಟವಾಗಿ ಬೆಳೆದು, ಬೆಳಕು ಸಿಗದೆ ಅಡಿಯೆಲ್ಲ ಹಳದಿ. ಒಂದು ಕಲ್ಲಿನದು ಆಗಲೇ ಬಿಟ್ಟುಕೊಂಡು ಮೇಲೆದ್ದಿತ್ತು. ಸುಮ್ಮನೆ ಎದ್ದು ಬರಬೇಕಿತ್ತು. ಈ ಕೈ ಕೇಳಬೇಕಲ್ಲ. ಅಳತೆಯ ಟೇಪು ಕೊರಳಲ್ಲಿ ಇದ್ದಹಾಗೆಯೇ ತೋಳು ಮಡಚಿ, ಇಡೀ ಹಾಸನ್ನು ಕತ್ತರಿಸಿ ಒಪ್ಪಮಾಡಿ ಕೊಟ್ಟೆ. ಆಕೆಗೆ ಭಾರಿ ಖುಷಿ.

ಬಿಸಿಲಿನಲ್ಲಿ ಅಲೆಯಬೇಡಿ, ಊಟ ತಪ್ಪಿಸಬೇಡಿ. ಎಷ್ಟು ಸಿಟ್ಟಿದ್ದರೂ ಇಷ್ಟು ಬರೆಯದೆ ಕಾಗದ ಮಡಚಲು ಮನಸ್ಸು ಬರುತ್ತಿಲ್ಲ.

ಇಂತಿ,
ನಿಮ್ಮ ಮನೆಯವಳು

ವಿ.ಸೂ.: ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಬಾಗಿಲವರೆಗೆ ಬಂದ ಆಕೆ, "ಆ ಊರಿಗೇ ವರ್ಗ ಬೇಕು ಅಂತ ನಿಮ್ಮನೆಯವ್ರು ಎಷ್ಟು ಸಲ ಬಂದ್ರು, ಪಾಪ. ಈ ಗಿಡ ತಂದ ದಿನಾನೇ ನಮ್ಮವ್ರು ಒಪ್ಕೊಂಡಿದ್ದು" ಎಂದರು. ಬಲವಂತದ ವರ್ಗ ಎಂದಿರಿ, ನಂಬಿದೆ. ಏನೂ ತಪ್ಪು ಮಾಡದ ಆ ಮನುಷ್ಯನಿಗೆ ಇಷ್ಟು ದಿನ ಹಿಡಿಶಾಪ ಹಾಕಿದೆ. ಗಿಡದ ವಿಷಯ ಬಿಡಿ. ನನ್ನಿಂದ ದೂರ ಇರಲು ಅವರ ಮನೆ ಬಾಗಿಲಿಗೆ ಅಷ್ಟು ಸಲ ಅಲೆದಿರಲ್ಲ, ನಾನು ಮಾಡಿದ್ದಾದರೂ ಏನು? ಅದೊಂದನ್ನು ಬರೆಯಿರಿ.