ಸ್ವಲ್ಪ ನೀರು ಬಂತು ಅಂದೆ

ನಂಜನಗೂಡು
14 ಆಗಸ್ಟ್ 2024, ಬುಧವಾರ

ಪ್ರೀತಿಯ ನಯನಳ ಪಪ್ಪನಿಗೆ,

ನಿಮ್ಮ ಶಾಂತಿ ಮಾಡುವ ವಂದನೆಗಳು. ನೀವು ಸಭೆಗೆ ಬರೆಯುವ ಹಾಗೆ "ಕರ್ತನ ನಾಮದಲ್ಲಿ" ಅಂತ ಶುರು ಮಾಡೋಣ ಅಂದುಕೊಂಡೆ. ಗಂಡನಿಗೆ ಬರೆಯುವ ಕಾಗದಕ್ಕೆ ಅದು ಯಾಕೋ ಹೊಂದಲಿಲ್ಲ. ಬಂದು ಎರಡು ತಿಂಗಳಾಯಿತು, ಒಂದು ಸಾಲೂ ಬರೆಯಲಿಲ್ಲ ಅಂತ ಕೋಪ ಮಾಡಿಕೊಳ್ಳಬೇಡಿ. ದಿನಾ ಫೋನಿನಲ್ಲಿ ಮಾತಾಡ್ತೀವಲ್ಲ, ಇನ್ನು ಕಾಗದ ಯಾಕೆ ಅಂತೀರಿ, ಗೊತ್ತು. ಆದರೆ ಫೋನ್ ಹಿಡಿದರೆ ನಯನ ಪಕ್ಕದಲ್ಲೇ ಇರುತ್ತಾಳೆ. ಸುನೀತಕ್ಕ ಅಡುಗೆಮನೆಯಿಂದಲೇ "ನಾನು ಕೇಳ್ದೆ ಅಂತ ಹೇಳು" ಅಂತಾಳೆ. ಅಷ್ಟರಲ್ಲಿ ನಿಮ್ಮ ಕಡೆ ಲೈನ್ ಕಡಿದು ಹೋಗುತ್ತದೆ. ಕೆಲವು ಮಾತು ಅಷ್ಟು ಗಡಿಬಿಡಿಯಲ್ಲಿ ಹೇಳುವಂಥದ್ದಲ್ಲ. ಭಾವನ ಫ್ಯಾಕ್ಟರಿಯಲ್ಲಿದ್ದ ಬಸವೇಶ್ ಅವರಿಗೆ ನಿಮ್ಮ ಹತ್ತಿರದ ಬ್ಲಾಂಟೈರ್ ಪಟ್ಟಣದಲ್ಲಿ ಕೆಲಸ ಸಿಕ್ಕಿದೆ, ಶನಿವಾರ ಹೊರಡುತ್ತಾರೆ. ಅವರ ಕೈಯಲ್ಲಿ ಇದನ್ನೂ, ಅಕ್ಕ ಮಾಡಿದ ಚಟ್ನಿಪುಡಿ, ಹುರಿಹಿಟ್ಟನ್ನೂ ಕಳಿಸುತ್ತಿದ್ದೇನೆ. ಹುರಿಹಿಟ್ಟನ್ನೆಲ್ಲ ಸಂಡೇ ಸ್ಕೂಲ್ ಮಕ್ಕಳಿಗೆ ಹಂಚಿಬಿಡಬೇಡಿ. ನೀವೂ ಸ್ವಲ್ಪ ತಿನ್ನಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನು ಮೈ ತುಂಬಿಕೊಂಡಿದ್ದೇನೆ ಅಂತ ಭಾವ ರೇಗಿಸುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ಯಾವ ಲೋಕಕ್ಕೆ ಹೋಗುತ್ತೇನೋ. ಅಲ್ಲಿ ಕಳೆದ ಏಳು ವರ್ಷದ ನಿದ್ದೆಯೆಲ್ಲ ಒಟ್ಟಿಗೇ ಬರುತ್ತಿರಬೇಕು. ಎಚ್ಚರವಾದಾಗ ಎಲ್ಲಿದ್ದೇನೆ ಅಂತಲೇ ತಿಳಿಯುವುದಿಲ್ಲ. ಹೊಳೆ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳಿದರೆ ಅಲ್ಲಿ ಹೆಂಗಸರು ಜೋಳ ಕುಟ್ಟುತ್ತಿದ್ದಾರೆ ಅನ್ನಿಸುತ್ತದೆ. ಮೈಸೂರಿನ ರೈಲು ಕೂಗಿದರೆ ನಮ್ಮ ಟೀ ತೋಟದ ಲಾರಿ ಬಂತು ಅಂದುಕೊಳ್ಳುತ್ತೇನೆ. ಮೊನ್ನೆ ಒಂದು ಕನಸು ಬಿತ್ತು. ಎರಡೂ ಊರು ಒಂದೇ ಬೀದಿಯಲ್ಲಿವೆ. ರಸಬಾಳೆ ಮಾರುವವಳು ತಲೆ ಮೇಲೆ ಬುಟ್ಟಿ ಹೊತ್ತುಕೊಂಡು ಅಲ್ಲಿನವರ ಚಿಚೇವಾ ಭಾಷೆಯಲ್ಲಿ ರೇಟು ಹೇಳುತ್ತಾಳೆ, ನಾನು ನಂಜನಗೂಡಿನ ಕನ್ನಡದಲ್ಲಿ ಚೌಕಾಶಿ ಮಾಡುತ್ತೇನೆ, ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ. ನೀವು ಸೈಕಲ್ ಮೇಲೆ ಬಿಳಿ ನಿಲುವಂಗಿ ಹಾರಿಸಿಕೊಂಡು ಹೋದಿರಿ. ಕೂಗಿದೆ. ತಿರುಗಿ ನೋಡಲಿಲ್ಲ. ಕನಸಲ್ಲಿ ಅದೇನೂ ಬೇಜಾರು ಅನ್ನಿಸಲಿಲ್ಲ. ಬೀದಿ ತುಂಬ ಹಣ್ಣಿನ ವಾಸನೆ ಇತ್ತು.

ಕಬಿನಿ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದು ಫೋನಿನಲ್ಲಿ ಹೇಳಿದ್ದೆನಲ್ಲ. ಹೊಳೆಯೊಳಗಿನ ಹದಿನಾರು ಕಾಲು ಮಂಟಪ ಮುಳುಗಿತು ಅಂತ ಊರಿಗೆ ಊರೇ ನೋಡಲು ಹೋಯಿತು. ಚಂದ್ರಶೇಖರ್ ಭಾವನೂ ನಯನಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅವಳು ಸ್ಕೂಟರಿನಿಂದ ಇಳಿಯಲೇ ಇಲ್ಲವಂತೆ. ಭಾವನ ಬೆನ್ನಿಗೆ ಮುಖ ಒತ್ತಿಕೊಂಡು "ಮನೆಗೆ ಹೋಗೋಣ ದೊಡ್ಡಪ್ಪ" ಅಂತ ಒಂದೇ ಸಮ ಹೇಳಿದಳಂತೆ. ಇದನ್ನು ನಿಮಗೆ ಹೇಳಿರಲಿಲ್ಲ. ಮಗು, ಜನ ಜಾತ್ರೆ ನೋಡಿ ಹೆದರಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ನನಗೂ ಸುಲಭವಾಗಿತ್ತು.

ಆ ಸಂಜೆಯೇ ಅಕ್ಕ ಮಾತು ತೆಗೆದಳು. "ಶಾಂತಿ, ಮಗೂನ ಇಲ್ಲೇ ಬಿಟ್ಟೋಗೇ. ಒಳ್ಳೆ ಸ್ಕೂಲಿದೆ, ಮನೇಲಿ ನಾವಿಬ್ರೇ. ನೀನು ಹೆತ್ತಿದ್ದು, ನಾನು ಸಾಕ್ತೀನಿ. ವರ್ಷಕ್ಕೊಂದ್ಸಲ ಬಂದು ನೋಡು." ತಮಾಷೆಗೆ ಅಂದಳು ಅಂದುಕೊಂಡೆ. ಆದರೆ ಅವಳು ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಮಕ್ಕಳಿಲ್ಲದ ಅಕ್ಕ. ನಾನು ಬೇಡ ಅನ್ನಲಿಲ್ಲ. ನಿಜ ಹೇಳಬೇಕು ಅಂದರೆ, ಒಪ್ಪಿಬಿಡುವ ಮನಸ್ಸೇ ಆಗಿತ್ತು. ಅಲ್ಲಿ ಮಲೇರಿಯಾ, ಕರೆಂಟಿಲ್ಲ, ಒಂದೇ ಕೋಣೆಯ ಶಾಲೆ. ಇದೆಲ್ಲ ಸೇರಿಸಿ ನಿಮಗೆ ಹೇಗೆ ಹೇಳುವುದು ಅಂತ ಒಳಗೊಳಗೇ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೊನ್ನೆ ಭಾನುವಾರ ಬಂತು.

ಟಿ. ನರಸೀಪುರದ ಸಭೆಯವರು ಕರೆದಿದ್ದರು. ಆರಾಧನೆಯಲ್ಲಿ ನಮ್ಮ ಸೇವೆಯ ವಿಷಯ ಮಾತಾಡಿ, ಸ್ತ್ರೀಯರ ಕೂಟದವರಿಗೂ ಕೇಳುವ ಆಸೆ ಇದೆ ಅಂತ ಅಲ್ಲಿನ ಅಯ್ಯನವರೇ ಫೋನ್ ಮಾಡಿದ್ದರು. ಬೆಳಿಗ್ಗೆ ನಾನು, ಅಕ್ಕ, ನಯನ ಬಸ್ ಹತ್ತಿದೆವು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ "ಹೆಂಗಸ್ರಿಗೆ ಫ್ರೀ ಕಣಮ್ಮ, ದುಡ್ಡು ಒಳಗಿಡಿ" ಅಂದ. ನಾನಿಲ್ಲದಾಗ ಎಷ್ಟೆಲ್ಲ ಬದಲಾಗಿದೆ ಅನ್ನಿಸಿತು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನೀರು, ನೀರೊಳಗೆ ಮೋಡ. ಬಸ್ಸು ಆಕಾಶದ ಮೇಲೇ ಹೋಗುತ್ತಿದೆಯೇನೋ ಅನ್ನುವ ಹಾಗಿತ್ತು. ನಯನ ಕಿಟಕಿ ಕಡೆ ಕೂರಲಿಲ್ಲ.

ಸಣ್ಣ ಚರ್ಚು. ಸುಣ್ಣ ಹೊಡೆದ ಗೋಡೆ, ಪ್ಲಾಸ್ಟಿಕ್ ಕುರ್ಚಿ, ಹೆಂಗಸರ ಕಡೆ ಚಾಪೆ. ಕೀರ್ತನೆ ಹಾಡಿದ ಮೇಲೆ ನನ್ನನ್ನು ಕರೆದರು. ಮಾತು ತಾನಾಗಿ ಬಂತು. ನೀರಿಗೆ ಬೋರ್‌ವೆಲ್‌ವರೆಗೆ ನಡೆಯುವುದು, ಇದ್ದಿಲ ಒಲೆ, ನಮ್ಮ ಮುದ್ದೆಗೆ ಅಣ್ಣತಮ್ಮನಂತಿರುವ ಅವರ ನ್ಸಿಮಾ, ಹುಡುಗಿಯರಿಗೆ ನಾನು ಕಲಿಸುವ ಹೊಲಿಗೆ, ಬೆನ್ನಿಗೆ ಮಗು ಕಟ್ಟಿಕೊಂಡೇ ಕುಣಿಯುತ್ತ ಕಾಣಿಕೆ ತರುವ ತಾಯಂದಿರು, ಎಲ್ಲ ಹೇಳಿದೆ. ಅಲ್ಲಿ ಪಾದ್ರಿಗೆ "ಅಬುಸಾ" ಅಂತಾರೆ, ಅಜ್ಜ ಅಜ್ಜಿಯರಿಗೆ "ಅಗೋಗೋ" ಅಂತಾರೆ ಅಂದಾಗ ಎಲ್ಲರೂ ನಕ್ಕರು. ಕೊನೆಗೆ ಹೋದ ವರ್ಷ ಮಾರ್ಚಿನ ಚಂಡಮಾರುತದ ವಿಷಯ ಕೇಳಿದರು. ಅದನ್ನೂ ಹೇಳಿದೆ. ನೀವು ಸಂಜೆ ಮಳೆಯಲ್ಲೇ ಕೆಳಗಿನ ಕೇರಿಗೆ ಹೋಗಿದ್ದು, ನಡೆಯಲಾಗದ ಅಗೋಗೋಗಳನ್ನು ಒಬ್ಬೊಬ್ಬರನ್ನಾಗಿ ಬೆನ್ನ ಮೇಲೆ ಹೊತ್ತು ಶಾಲೆ ದಿಬ್ಬ ಹತ್ತಿಸಿದ್ದು, ಒಬ್ಬ ಮುದುಕಿಯನ್ನು ಮನೆ ಮಾಡಿನ ಮೇಲಿಂದ ಇಳಿಸಿದ್ದು. ಹೇಳುತ್ತ ಹೇಳುತ್ತ ನನ್ನ ಎದೆಯೂ ಉಬ್ಬಿತು. ಸುಳ್ಳು ಹೇಳುವುದಿಲ್ಲ, ಹೆಮ್ಮೆ ಆಯಿತು. ಜನ "ಹಲ್ಲೆಲೂಯ" ಅಂದರು. ಅಯ್ಯನವರು ಕಣ್ಣೊರೆಸಿಕೊಂಡರು.

ಆಮೇಲೆ ಚರ್ಚಿನ ಹಿಂದೆ ಊಟ. ಎಲೆ ಮುಂದೆ ಕೂತಾಗ ಮುದ್ದಮ್ಮ ಅಂತ ಒಬ್ಬರು ವಯಸ್ಸಾದವರು ನನ್ನ ಪಕ್ಕ ಬಂದು ಕೂತರು. ನನ್ನ ಕೈ ಸವರಿ, "ಅಲ್ಲ ಕನವ್ವ, ಅಯ್ನೋರು ಮುದ್ಕೀರ್ನೆಲ್ಲ ವೊತ್ಕೊಂಡೋದ್ರು ಅಂದ್ಯಲ್ಲ, ಆಗ ನೀನೂ ಮಗೂವೆ ಎಲ್ಲಿದ್ರಿ?" ಅಂತ ಕೇಳಿದರು.

"ಮನೇಲಿದ್ವಿ ಅವ್ವ" ಅಂದೆ.

"ಮನ್ಗೆ ನೀರ್ ಬರ್ನಿಲ್ವಾ?"

"ಬಂತು. ಸ್ವಲ್ಪ ಬಂತು."

ಮುದ್ದಮ್ಮ ನನ್ನ ಎಲೆಗೆ ತಾವೇ ಇನ್ನೊಂದಿಷ್ಟು ಅನ್ನ ಹಾಕಿಸಿದರು. ನಯನ ನನ್ನ ಆ ಪಕ್ಕದಲ್ಲೇ ಕೂತಿದ್ದಳು. ಪಾಯಸ ಮುಟ್ಟಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕ ಕೂಟದವರ ಜೊತೆ ಹರಟುತ್ತಿದ್ದಳು. "ಅಮ್ಮ, ಎರಡು ಹೊಳೆ ಸೇರೋ ಜಾಗ ಇಲ್ಲೇ ಅಂತೆ, ತೋರ್ಸು" ಅಂದಳು ನಯನ. ನೀರು ಕಂಡರೆ ಓಡುವ ಹುಡುಗಿ ತಾನಾಗಿ ಕೇಳಿದ್ದು ನೋಡಿ ಆಶ್ಚರ್ಯವಾಯಿತು. ಇಬ್ಬರೂ ಸಂಗಮದ ಕಡೆ ಹೋದೆವು. ಮಳೆ ನಿಂತು ಎಳೆಬಿಸಿಲು ಬಂದಿತ್ತು. ನೀರು ಇನ್ನೂ ಕೆಂಪಗೆ, ತುಂಬಿಕೊಂಡೇ ಹರಿಯುತ್ತಿತ್ತು. ಯಾವುದು ಕಾವೇರಿ, ಯಾವುದು ನಮ್ಮ ಕಪಿಲೆ ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಆಚೆ ದಡ ಹಬೆಯೊಳಗೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಮೀನು ಹಿಡಿಯುವವರ ಹರಿಗೋಲುಗಳನ್ನು ದಡದ ಮೇಲೆ ಬೋರಲು ಹಾಕಿದ್ದರು. ನಾವು ಮೇಲಿನ ಮೆಟ್ಟಿಲಲ್ಲೇ ಕೂತೆವು. ನಿದ್ದೆಯೊಳಗೆ ಕೂತ ಹಾಗಿತ್ತು, ಮಾತೇ ಬೇಡ ಅನ್ನಿಸುತ್ತಿತ್ತು.

"ಅಮ್ಮ, ಸ್ವಲ್ಪ ಅಂದ್ರೆ ಎಷ್ಟು?" ಅಂದಳು.

ಏನು ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಅವಳೇ ತನ್ನ ಕೈಯನ್ನು ಕತ್ತಿನ ಹತ್ತಿರ ಅಡ್ಡ ಹಿಡಿದು ತೋರಿಸಿದಳು. "ನಾವು ಟೇಬಲ್ ಮೇಲೆ ನಿಂತಾಗ ನಂಗೆ ಇಲ್ಲೀಗಂಟ ಇತ್ತು. ನೀನು ನನ್ನ ಎತ್ಕೊಂಡೆ. ಆ ಅಜ್ಜಿಗೆ ಸ್ವಲ್ಪ ಅಂದೆ."

ಆಮೇಲೆ ಅವಳು ಹೊಳೆಯನ್ನೇ ನೋಡುತ್ತ ಕೇಳಿದಳು: "ನಮ್ಮನೆಗೂ ನೀರು ಬಂದಿದೆ ಅಂತ ಪಪ್ಪಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಮಗಳೇ, ಅನ್ನಬಹುದಿತ್ತು. ನಾಲಗೆ ತುದಿವರೆಗೆ ಬಂದಿತ್ತು. ಹೊರಡುವಾಗ ನೀವು "ನಮ್ಮನೆ ಎತ್ತರದಲ್ಲಿದೆ, ಇಲ್ಲೀತನಕ ಬರಲ್ಲ" ಅಂದಿದ್ದಿರಿ, ಆಗ ಹಾಗೇ ನಂಬಿದ್ದಿರಿ. ಅದು ನಿಜ. ಆದರೆ ಶಾಲೆ ದಿಬ್ಬದಿಂದ ನಮ್ಮ ಓಣಿ ಕಾಣುತ್ತದೆ. "ಓಣಿಯೆಲ್ಲ ನೀರಾಗಿದ್ದನ್ನು ನೋಡಿದೆ, ಅಷ್ಟರಲ್ಲಿ ಮಾಡಿನ ಮೇಲಿಂದ ಆ ಮುದುಕಿ ಕೂಗಿದಳು, ಅತ್ತ ಹೋದೆ" ಅಂತ ಆಮೇಲೆ ನೀವೇ ನನಗೆ ಹೇಳಿದ್ದಿರಿ. ನೀವು ಮುಚ್ಚಿಡಲಿಲ್ಲ. ನಾನು ಯಾಕೆ ಮುಚ್ಚಿಡಲಿ?

"ಗೊತ್ತಿತ್ತು" ಅಂದೆ.

ಲೆಕ್ಕ ಬಿಡಿಸಿದವಳ ಹಾಗೆ, "ಹಂಗಾದ್ರೆ ನೀನಿದ್ದೀಯ ಅಂತ ಹೋದ್ರು. ಅವರಿಗೆಲ್ಲ ಯಾರೂ ಇರ್ಲಿಲ್ಲ" ಅಂದಳು. ಅಳಲಿಲ್ಲ. ನಾನೇ ಸೆರಗಲ್ಲಿ ಮುಖ ಒರೆಸಿಕೊಂಡೆ.

"ದೊಡ್ಡಮ್ಮ ಇಲ್ಲೇ ಇರು ಅಂತಾಳೆ. ಇರ್ತೀಯ?" ಅಂತ ಕೇಳಿದೆ. ಆ ಹೊತ್ತಲ್ಲಿ ಹೂಂ ಅಂದಿದ್ದರೆ ಬಿಟ್ಟೇ ಬರುತ್ತಿದ್ದೆ.

ತಲೆ ಅಲ್ಲಾಡಿಸಿದಳು. "ಇಲ್ಲ. ಮುಂದಿನ ಸಲ ಪಪ್ಪ ಹೋಗುವಾಗ ನಮ್ಮನ್ನೂ ಕರ್ಕೊಂಡೋಗ್ಲಿ. ನಂಗೂ ಒಬ್ರು ಅಗೋಗೋ ಕೈ ಹಿಡ್ಕೊಂಡು ನಡ್ಸೋಕೆ ಬರುತ್ತೆ." ಅಷ್ಟು ಹೇಳಿ ಎದ್ದು, ಒಂದೊಂದೇ ಮೆಟ್ಟಿಲು ಇಳಿದು, ಕೊನೆ ಮೆಟ್ಟಿಲಲ್ಲಿ ಪಾದ ಅದ್ದಿದಳು. ನಾನು ಹಿಂದಿನಿಂದ ಅವಳ ಫ್ರಾಕ್ ಹಿಡಿದುಕೊಂಡಿದ್ದೆ. "ತಣ್ಣಗಿದೆ ಅಮ್ಮ" ಅಂತ ನಕ್ಕಳು. ಆ ಮಳೆಯಾದ ಮೇಲೆ ನೀರು ಮುಟ್ಟಿ ನಕ್ಕಿದ್ದು ಅದೇ ಮೊದಲು.

ಅಕ್ಕನಿಗೆ ಮನೆಗೆ ಬಂದು ಹೇಳಿದೆ. ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. "ಹೋಗ್ಲಿ ಬಿಡು, ರಜಕ್ಕಾದ್ರೂ ಕಳ್ಸು" ಅಂದು ನಯನಳ ತಲೆಗೆ ಎಣ್ಣೆ ಹಚ್ಚಲು ಕೂತಳು. ದೊಡ್ಡ ಮನಸ್ಸು ಅವಳದು. ನೀವೂ ಅವಳಿಗೆ ಒಂದು ಕಾಗದ ಬರೆಯಿರಿ.

ಹಾಗಾಗಿ ಟಿಕೆಟ್ ಬದಲಾಯಿಸುವುದು ಬೇಡ. ಮುಂದಿನ ತಿಂಗಳ ಕೊನೆಗೆ ಇಬ್ಬರೂ ಬರುತ್ತೇವೆ. ಆದರೆ ಆ ಮನೆಗೆ ಬೇಡ. ಸಭೆಯ ಹಿರಿಯರಿಗೆ ಹೇಳಿ ಶಾಲೆ ದಿಬ್ಬದ ಮೇಲೆ ಒಂದು ಕೋಣೆಯಾದರೂ ಸರಿ, ನೋಡಿ. ನಯನ ಹೇಳಿದ ಮಾತನ್ನು ಮಗುವಿನ ಮಾತು ಅಂತ ಬಿಡಬೇಡಿ. ನೀವು ಹೋಗಬೇಡಿ ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಆ ಮುದುಕಿ ಇವತ್ತು ಬದುಕಿದ್ದಾಳೆ, ನನ್ನನ್ನು ಕಂಡಾಗಲೆಲ್ಲ ಕೈ ಹಿಡಿದು ಬಿಡುವುದೇ ಇಲ್ಲ. ಮೊದಲು ನಮ್ಮಿಬ್ಬರನ್ನೂ ದಿಬ್ಬ ಹತ್ತಿಸಿ, ಆಮೇಲೆ ಎಲ್ಲರೂ ಸೇರಿ ಹೋಗೋಣ. ಸೇವೆ ಮಾಡುವ ಕುಟುಂಬ ಅಂತ ಎಲ್ಲ ಕಡೆ ನಮ್ಮನ್ನು ಪರಿಚಯ ಮಾಡಿಕೊಡುತ್ತಾರಲ್ಲ, ಅದು ನಿಜವಾಗಲಿ.

ಸೊಳ್ಳೆಪರದೆ ಕಟ್ಟಿಕೊಂಡೇ ಮಲಗಿ. ಬೆಳಿಗ್ಗೆ ಬರೀ ಟೀ ಕುಡಿದು ಹೊರಡಬೇಡಿ. ನನ್ನ ಹೊಲಿಗೆ ಹುಡುಗಿಯರಿಗೆ ಬಣ್ಣದ ದಾರ ತರುತ್ತಿದ್ದೇನೆ ಅಂತ ಹೇಳಿ. ನಿಮ್ಮ ಹೋಗುವಿಕೆ ಬರುವಿಕೆ ಎರಡನ್ನೂ ದೇವರು ಕಾಯಲಿ. ಬರುವಿಕೆಯನ್ನು ಇನ್ನಷ್ಟು ಕಾಯಲಿ.

ನಿಮ್ಮ
ಶಾಂತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಯನ ತನ್ನದನ್ನು ಕೇಳಿದಳು, ನಾನೂ ನನ್ನದನ್ನು ಹೇಳಿಬಿಡುತ್ತೇನೆ. ಮಾರನೆಯ ಬೆಳಿಗ್ಗೆ ನೀವು ಎದೆಮಟ್ಟದ ನೀರಲ್ಲಿ ನಮ್ಮ ಕಿಟಕಿ ಹತ್ತಿರ ಬಂದಿರಿ. ನಿಮಗೆ ಕಾಣಲಿ ಅಂತ ನಾನು ನಯನಳನ್ನು ಎತ್ತಿ ಹಿಡಿದೆ. ನನ್ನ ತೋಳು ಸೋತು ಮರಗಟ್ಟಿ ಹೋಗಿದ್ದವು. ನೀವು ಸರಳು ಹಿಡಿದುಕೊಂಡು ಮೊದಲು ಕೇಳಿದ್ದು, "ಶಾಂತಿ, ಚರ್ಚಿನ ಬೀಗದ ಕೈ ಎಲ್ಲಿ?" ಅಂತ. ಜನ ಚರ್ಚಿನ ಬಾಗಿಲಲ್ಲಿ ನೆನೆಯುತ್ತ ನಿಂತಿದ್ದರು, ಗೊತ್ತು. ಸೆರಗಿನಿಂದ ಬಿಚ್ಚಿ ಕೊಟ್ಟೆ. ತೆಗೆದುಕೊಂಡು ಹೋದಿರಿ. ಆಮೇಲೆ ದೋಣಿ ತಂದಿರಿ, ಅದನ್ನೂ ಮರೆತಿಲ್ಲ. ಆದರೆ ಆವತ್ತಿನಿಂದ ಇವತ್ತಿನವರೆಗೆ "ನೀನು ಹೇಗಿದ್ದೆ?" ಅಂತ ನೀವು ಕೇಳಿಲ್ಲ. ನಾವು ವಿಮಾನ ಇಳಿದು ಹೊರಗೆ ಬಂದಾಗ ಲಗೇಜು, ಅಕ್ಕ ಭಾವ, ಸಭೆಯ ಸುದ್ದಿ ಎಲ್ಲ ಆಮೇಲೆ ಕೇಳಿ. ಮೊದಲು ಅದನ್ನು ಕೇಳಿ. ನಾನು ಚೆನ್ನಾಗಿದ್ದೆ ಅನ್ನುವುದಿಲ್ಲ.