ಪಡೆದವರ ಕಾಲಂ

ಮನೆಯಿಂದ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಸಿಡುಕಿಗೆ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳಾದ ಮೇಲೆ ಮಗು ಒದೆಯುವುದು ಇದ್ದದ್ದೇ. ಒದೆಯದೆ ಸುಮ್ಮನಿದ್ದರೆ ಡಾಕ್ಟರಿಗೆ ಫೋನ್ ಮಾಡು, ಒದ್ದರೆ ನನ್ನ ಮೊಮ್ಮಗು ಅಂತ ತಿಳಿ. ಅಳಿಯಂದಿರು ಪಾತ್ರೆ ತೊಳೆಯುತ್ತಿದ್ದಾರೋ ಇಲ್ಲವೋ? ಇಲ್ಲದಿದ್ದರೆ ನಾನು ಬಂದ ದಿನವೇ ವಿಚಾರಣೆ ಇದೆ ಅಂತ ಹೇಳು. ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವಿಗೂ ನನಗೂ ಒಪ್ಪಂದವಾಗಿದೆ.

ನಿನ್ನೆ ಫೋನಿನಲ್ಲಿ “ಹಠ ಮಾಡ್ಬೇಡಮ್ಮಾ, ಸುಮ್ನೆ ಚುಚ್ಚಿಸ್ಕೊಂಡು ಬಾ” ಅಂತ ಕಿರುಚಿ ಫೋನ್ ಇಟ್ಟುಬಿಟ್ಟೆಯಲ್ಲ, ಅದಕ್ಕೇ ಈ ಕಾಗದ. ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನಾನು ಸೂಜಿಗೆ ಹೆದರಿದೆ ಅಂದುಕೊಂಡೆಯಾ? ಇಪ್ಪತ್ತಾರು ವರ್ಷ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತಿ ಊರಿನ ಮಕ್ಕಳಿಗೆಲ್ಲ ಲಸಿಕೆ ಹಾಕಿದವಳು ನಾನು. ದಾರಿಯಲ್ಲಿ ನನ್ನನ್ನು ಕಂಡರೆ ಮೀಸೆ ಬಂದ ಗಂಡಸರೂ ಈಗಲೂ ಒಂದು ಕೈ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

ನಡೆದದ್ದು ಇಷ್ಟು. ನೀನಿರುವ ದೇಶದ ವೀಸಾದವರು ಗೊತ್ತು ಮಾಡಿದ ಕ್ಲಿನಿಕ್ಕಿಗೆ ಹೋದೆ. ಒಂದಕ್ಕೊಂದು ಕಬ್ಬಿಣದಲ್ಲಿ ಬಿಗಿದ ಕುರ್ಚಿಗಳು, ಒಬ್ಬರು ಕೆಮ್ಮಿದರೆ ಸಾಲಿಗೆ ಸಾಲೇ ಅಲ್ಲಾಡುತ್ತದೆ. ಎದೆಯ ಎಕ್ಸ್‌ರೇ ಆಯಿತು, ರಕ್ತ ಕೊಟ್ಟೆ, ತೂಕ ನೋಡಿದರು. ಎಷ್ಟು ಅಂತ ನಿನಗೆ ಹೇಳುವುದಿಲ್ಲ. ಆಮೇಲೆ ಗಾಜಿನ ಕಿಟಕಿಯ ಹಿಂದಿನ ಗುಮಾಸ್ತ ಲಸಿಕೆ ಕಾರ್ಡು ಕೇಳಿದ. ದಡಾರ, ಮಂಗಬಾವು, ರುಬೆಲ್ಲಾ, ಧನುರ್ವಾಯು, ಕಾಮಾಲೆ ಅಂತ ಪಟ್ಟಿ ಓದಿದ. ಎಲ್ಲ ಆಗಿದೆಯಪ್ಪಾ, ಕಾರ್ಡಿಲ್ಲ ಅಂದೆ. “ಕಾರ್ಡಿಲ್ಲ ಅಂದ್ರೆ ತಗೊಂಡಿಲ್ಲ ಅಂತಾನೇ ಲೆಕ್ಕ ಅಮ್ಮಾ” ಅಂದು ಕಿಟಕಿಯ ಸಂದಿನಿಂದ ಒಂದು ಹಾಳೆ ತೂರಿಸಿದ. ‘ಈ ಲಸಿಕೆಗಳನ್ನು ನಾನು ಎಂದೂ ಪಡೆದಿಲ್ಲ’ ಅಂತ ಅಚ್ಚು ಹಾಕಿದೆ, ಕೆಳಗೆ ಸಹಿಗೆ ಗೆರೆ. ಸಹಿ ಹಾಕಿದರೆ ಎಲ್ಲವನ್ನೂ ಹೊಸದಾಗಿ ಹಾಕುತ್ತಾರಂತೆ, ಐದು ನಿಮಿಷದ ಕೆಲಸವಂತೆ. ನಾನು ಆ ಹಾಳೆಯನ್ನು ಅದೇ ಸಂದಿನಲ್ಲಿ ವಾಪಸ್ ತೂರಿಸಿ ಎದ್ದು ಬಂದೆ.

ಎಂದೂ ಪಡೆದಿಲ್ಲವಂತೆ! ಗಿರಣಿ ಹಿಂದಿನ ಬೀದಿ ನಿನಗೆ ಮರೆತಿರಲಿಕ್ಕಿಲ್ಲ. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಅಂತ ಯಾರೋ ಪುಕಾರು ಹಬ್ಬಿಸಿ, ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು. ನಾನು ನಡುಬೀದಿಯಲ್ಲಿ ಸ್ಟೂಲು ಹಾಕಿ ಕೂತು, ತೋಳು ಮೇಲೆತ್ತಿ, ಜೊತೆಗೆ ಡಬ್ಬಿ ಹೊರುತ್ತಿದ್ದ ನಮ್ಮ ಎತ್ತರದ ಅಕ್ಕನಿಗೆ “ಮೊದ್ಲು ನನಗೆ ಚುಚ್ಚೇ” ಅಂದೆ. ನಿನಗಾಗ ಐದು ವರ್ಷ. “ಅಮ್ಮಂಗೂ ಚುಚ್ಚಿದ್ರು, ಅಮ್ಮಂಗೂ ಚುಚ್ಚಿದ್ರು” ಅಂತ ಬೀದಿಯೆಲ್ಲ ಓಡಿ ಸಾರಿದವಳು ನೀನೇ. ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಅಕ್ಕ ತೀರಿಕೊಂಡಳು. ಉಳಿದ ಒಬ್ಬಳೇ ಸಾಕ್ಷಿ ಈಗ ಫೋನ್ ಕುಕ್ಕುತ್ತಾಳೆ. ಬರೆದಿಟ್ಟುಕೊಳ್ಳಲಿಲ್ಲ ಯಾಕೆ ಅಂತೀಯ. ಆ ದಿನ ಇನ್ನೂರು ಕಾರ್ಡು ಬರೆದ ಕೈಗೆ ಇನ್ನೂರ ಒಂದನೆಯದು ನೆನಪಾಗಲಿಲ್ಲ ಕಣೇ.

ಸರಿ, ದಾಖಲೆ ತಾನೇ ಬೇಕು ಅಂತ ನಮ್ಮ ಆರೋಗ್ಯ ಕೇಂದ್ರಕ್ಕೇ ಹೋದೆ. ಅಲ್ಲಿನ ಹೊಸ ಅಧಿಕಾರಿ ಧೂಳು ಹಿಡಿದ ರಿಜಿಸ್ಟರು ತೆಗೆಸಿದ. ಪುಟಪುಟದಲ್ಲೂ ‘ಕೊಟ್ಟವರು’ ಕಾಲಂನಲ್ಲಿ ನನ್ನ ಸಹಿ. ‘ಪಡೆದವರು’ ಕಾಲಂನಲ್ಲಿ ಊರೆಲ್ಲ ಇದೆ, ನಾನಿಲ್ಲ. “ಇದು ಕೊಟ್ಟಿದ್ದಕ್ಕೆ ದಾಖಲೆ, ತಗೊಂಡಿದ್ದಕ್ಕಲ್ಲ” ಅಂದ. ಹೋಗಲಿ, ಇಲ್ಲಿ ಕೆಲಸ ಮಾಡಿದ್ದೆ ಅಂತಲಾದರೂ ಒಂದು ಪತ್ರ ಕೊಡಪ್ಪಾ ಅಂದೆ. ಕಂಪ್ಯೂಟರು ನೋಡಿ, ಸಿಬ್ಬಂದಿ ಪಟ್ಟಿಯಲ್ಲೇ ನಿಮ್ಮ ಹೆಸರಿಲ್ಲ, ನೀವು ಸ್ವಯಂಸೇವಕಿ ಅಂದ. ಹಾಗಾದರೆ ಈ ಸಹಿ ಯಾರದು, ದೆವ್ವದ್ದಾ ಅಂತ ಕೇಳಿದೆ. ನೀರು ಕುಡೀರಿ ಅಂದ. ನೇಮಕಾತಿ ಪತ್ರ ಕೊಡಿ ಅಂತ ನಾವು ಅದೇ ಕಟ್ಟಡದ ಮೆಟ್ಟಿಲ ಮೇಲೆ ಹತ್ತೊಂಬತ್ತು ದಿನ ಕೂತಿದ್ದೆವು, ನೀನು ಹೋಂವರ್ಕ್ ಅಲ್ಲೇ ಮಾಡುತ್ತಿದ್ದೆ. ಅವತ್ತೂ ನೀರನ್ನೇ ಕೊಟ್ಟಿದ್ದರು. ಡಬ್ಬಿ ಹೊರುವಾಗ ನಾವು ದಾದಿಯರು, ಹಕ್ಕು ಕೇಳಿದಾಗ ಸ್ವಯಂಸೇವಕಿಯರು. ಈಗ ಒಂದು ಚೂರು ಕಾಗದ ಕೇಳಿದರೆ ಹುಟ್ಟೇ ಇಲ್ಲದವರು!

ಮನೆಗೆ ಬಂದು ಇದನ್ನೆಲ್ಲ ಬಯ್ದುಕೊಳ್ಳುತ್ತ ಕೂತವಳಿಗೆ ಒಬ್ಬ ಹೆಂಗಸು ನೆನಪಾದಳು. ಕಟ್ಟಡ ಕೆಲಸದವಳು, ಕಂಕುಳಲ್ಲಿ ಕೂಸು, ಕೈಯೆಲ್ಲ ಸಿಮೆಂಟು. “ಹಿಂದಿನ ಊರಲ್ಲಿ ಹಾಕ್ಸಿದ್ದೀನಕ್ಕಾ, ಶೆಡ್ ಕೆಡವಿದಾಗ ಕಾರ್ಡು ಹೋಯ್ತು” ಅಂದಳು. ನಾನೇನಂದೆ ಗೊತ್ತಾ? ಕಾರ್ಡಿಲ್ಲ ಅಂದ್ರೆ ಹಾಕ್ಸಿಲ್ಲ ಅಂತಾನೇ ಲೆಕ್ಕ ಅಂದೆ. ಆ ಗುಮಾಸ್ತನ ಮಾತು ನನ್ನ ಬಾಯಲ್ಲೇ ಹುಟ್ಟಿದ್ದು ಕಣೇ! ಕೂಸಿಗೆ ಮತ್ತೆ ಚುಚ್ಚಿದೆ, ಅದರಲ್ಲಿ ತಪ್ಪಿಲ್ಲ, ಇನ್ನೊಂದು ಸಲ ಹಾಕಿದರೆ ಕೂಸಿಗೇನೂ ನಷ್ಟವಿಲ್ಲ. ಆದರೆ ರಿಜಿಸ್ಟರಿನಲ್ಲಿ ‘ಮೊದಲನೇ ಸಲ’ ಅಂತ ಬರೆದೆ. ಅವಳಿಗೆ ಓದು ಬರುತ್ತಿತ್ತು. ಬರೆದದ್ದನ್ನು ನೋಡಿದಳು, ನನ್ನ ಮುಖ ನೋಡಿದಳು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸೂಜಿಯಿಂದ ಅತ್ತದ್ದು ಕೂಸು. ಅವಳನ್ನು ಸುಳ್ಳುಗಾತಿ ಮಾಡಿದ್ದು ನನ್ನ ಪೆನ್ನು.

ಅದಕ್ಕೇ ಹೇಳುತ್ತೇನೆ ಕೇಳು. ಚುಚ್ಚಲಿ, ಎರಡೂ ತೋಳಿಗೆ ಚುಚ್ಚಲಿ, ಬೇಡ ಅನ್ನುವುದಿಲ್ಲ. ಪಡೆದೇ ಇಲ್ಲ ಅನ್ನುವ ಸುಳ್ಳಿಗೆ ಮಾತ್ರ ಸಹಿ ಹಾಕುವುದಿಲ್ಲ. ಶನಿವಾರದೊಳಗೆ ವರದಿ ಮುಟ್ಟದಿದ್ದರೆ ಬುಧವಾರದ ಸಂದರ್ಶನ ತಪ್ಪುತ್ತದೆ, ಅದು ತಪ್ಪಿದರೆ ನಿನ್ನ ಹೆರಿಗೆಗೆ ನಾನಿರುವುದಿಲ್ಲ. ಇದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ನಾಳೆ ಮತ್ತೆ ಆ ಕಿಟಕಿಗೆ ಹೋಗುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಡ ಮಗ್ಗುಲಿಗೆ ಮಲಗು. ಅಳಿಯಂದಿರಿಗೆ ನನ್ನ ನೆನಪು ಹೇಳು, ಪಾತ್ರೆಯ ವಿಷಯವನ್ನೂ. ತಾಯಿ ಮಗು ಇಬ್ಬರೂ ಗಟ್ಟಿಯಾಗಿರಿ, ಗಟ್ಟಿಯಾಗಿ ಕೂಗುವಂತಿರಿ.

ನಿನ್ನ
ಅಮ್ಮ
(ರಿಜಿಸ್ಟರಿನ ಸಹಿಯೂ ಇದೇ ಕೈಯದು, ದೆವ್ವದ್ದಲ್ಲ)

ತಾ.ಕ. ಶುಕ್ರವಾರ ಸಂಜೆ. ತೋಳು ಎರಡೂ ಊದಿವೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ. ಗುಮಾಸ್ತನ ಪೆನ್ನನ್ನೇ ಇಸಿದುಕೊಂಡು ‘ಎಂದೂ ಪಡೆದಿಲ್ಲ’ ಅನ್ನುವುದನ್ನು ಹೊಡೆದುಹಾಕಿ, ‘ಪಡೆದಿದ್ದೇನೆ, ಬರೆದಿಟ್ಟವರಿಲ್ಲ’ ಅಂತ ಬರೆದು ಸಹಿ ಹಾಕಿದೆ. ಅವನು ಬಾಯಿ ಬಿಟ್ಟುಕೊಂಡು ಹಾಳೆ ಒಳಗೆ ಒಯ್ದ. ಡಾಕ್ಟರಮ್ಮ ಎರಡು ಸಲ ಓದಿ, ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿ, ಚುಚ್ಚಿ ಅಂದರು. ವರದಿ ಹೋಯಿತು. ಬರುತ್ತೇನೆ ಕಣೇ! ಚುಚ್ಚಿದ ನರ್ಸು ಚಿಕ್ಕ ಹುಡುಗಿ, ಸಿರಿಂಜನ್ನು ಬಿಗಿಯಾಗಿ ಹಿಡಿದಿದ್ದಳು, ಮಣಿಕಟ್ಟು ಸಡಿಲ ಬಿಡೇ ಅಂತ ನಾನೇ ಹೇಳಿಕೊಟ್ಟೆ. ನನ್ನ ಕಾರ್ಡು ಅಚ್ಚುಕಟ್ಟಾಗಿ ಬರೆದುಕೊಟ್ಟಳು. ನಿನ್ನ ಕಾರ್ಡು ಎಲ್ಲಮ್ಮಾ ಅಂದೆ. ನಕ್ಕಳು. “ಬೆಳಿಗ್ಗೆ ನಿಮ್ಮ ಆರೋಗ್ಯ ಕೇಂದ್ರ, ಮಧ್ಯಾಹ್ನ ಇಲ್ಲಿ, ಎರಡು ಕಡೇನೂ ನಾವು ಗುತ್ತಿಗೆಯವರು, ನಮಗ್ಯಾರು ಬರ್ಕೊಡ್ತಾರೆ?” ಸೋಮವಾರ ಅವಳನ್ನೂ ಅವಳ ಜೊತೆಯ ಮೂವರನ್ನೂ ಕರೆದುಕೊಂಡು ಹೋಗಿ, ಇವರಿಗೂ ಬರೆದುಕೊಡಿ ಅಂತ ಆ ನೀರು ಕೊಡುವ ಅಧಿಕಾರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೇನೆ. ಒಂದು ಸೋಮವಾರಕ್ಕೆ ಅವನು ಬಗ್ಗುವ ಹಾಗೆ ಕಾಣುವುದಿಲ್ಲ. ಆದ್ದರಿಂದ ವೀಸಾ ಬಂದ ಮೇಲೆ ನನ್ನ ಟಿಕೆಟ್ಟು ಯಾವ ದಿನಕ್ಕಾದರೂ ಮಾಡಿಸು, ಸೋಮವಾರಕ್ಕೆ ಮಾತ್ರ ಬೇಡ.